ಹೊಳಪು ನೋಡಿಯೇ ಅನುಮಾನ: ಹಳೆ ಸೈನಿಕ ರೈಫಲ್ ಕೊಳ್ಳುವ ಮುಂಚೆ ಏನೇನು ನೋಡಬೇಕು?

ಹೊಸಗುರಿ · ಮಂಗಳವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದು ನನ್ನ ಮೊದಲ ಪ್ರಶ್ನೆ. ಲೈಸೆನ್ಸ್ ಇದೆ, ಕಾಗದಪತ್ರ ಸರಿ ಇದೆ, ಅದರ ಚಿಂತೆ ಇಲ್ಲ. ಚಿಂತೆ ಬಂದೂಕಿನದು.

ಪರಿಚಯದವರೊಬ್ಬರ ಹತ್ತಿರ ಲೀ-ಎನ್‌ಫೀಲ್ಡ್ ನಂ. 4 ರೈಫಲ್ ಮಾರಾಟಕ್ಕಿದೆ, .303 ತೋಟಾದ್ದು. ಇಪ್ಪತ್ತು ನಿಮಿಷ ಕೈಯಲ್ಲಿ ಹಿಡಿದು ನೋಡಿದೆ. ಮರ ಹೊಸ ಮಂಚದ ಹಾಗೆ ಫಳಫಳ ಅಂತಿದೆ. ಕಬ್ಬಿಣ ಕಪ್ಪಗೆ ಮಿಂಚುತ್ತಿದೆ. ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಸರಿಯುವ ತುಂಡು) ತೆಗೆದು ನಳಿಗೆಯನ್ನು ಕಿಟಕಿ ಕಡೆ ಹಿಡಿದು ನೋಡಿದರೆ ಒಳಗೂ ಕನ್ನಡಿ. "ಜಾಸ್ತಿ ಗುಂಡೇ ಹಾರಿಸಿಲ್ಲ, ನಂಬರ್ ಎಲ್ಲಾ ಒಂದೇ" ಅಂದರು ಮಾಲೀಕರು.

ಆದರೂ ಮೂರು ವಿಷಯ ತಲೆ ಕೊರೆಯುತ್ತಿದೆ. ನಳಿಗೆಯೊಳಗೆ ಗುಂಡು ತಿರುಗಿಸುವ ಸುರುಳಿ ತೋಡು ಎರಡೇ ಕಂಡವು, ಐದಿರಬೇಕು ಅಂತ ಓದಿದ್ದೆ. ಎಡಗಡೆ ಇಂಗ್ಲಿಷಿನಲ್ಲಿ 'ಯು.ಎಸ್. ಪ್ರಾಪರ್ಟಿ' ಅಂತ ಮುದ್ರೆ ಇದೆ, ಬ್ರಿಟಿಷರ ರೈಫಲ್ ಮೇಲೆ ಅಮೆರಿಕದ ಹೆಸರು ಯಾಕೆ? ಮತ್ತೆ, ಎಂಬತ್ತು ವರ್ಷದ ವಸ್ತು ಇಷ್ಟು ಚೆಂದ ಇರುತ್ತಾ? ಭಾನುವಾರ ಮತ್ತೆ ಹೋಗುತ್ತೇನೆ. ಏನೇನು ನೋಡಲಿ?

ಹಳೇಕಬ್ಬಿಣ · ಮಂಗಳವಾರ, ರಾತ್ರಿ 10:25

ಮೊದಲೆರಡಕ್ಕೆ ಉತ್ತರ ಸುಲಭ. ಅದು ಸ್ಯಾವೇಜ್ ಕಂಪನಿಯದು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್‌ಗೆ ರೈಫಲ್ ಸಾಲದೆ ಬಂದಾಗ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ಚಿಕೊಪೀ ಫಾಲ್ಸ್ ಊರಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾದವು. ಲೆಂಡ್-ಲೀಸ್ ಲೆಕ್ಕದಲ್ಲಿ, ಅಂದರೆ ಯುದ್ಧಕಾಲದಲ್ಲಿ ಮಿತ್ರದೇಶಗಳಿಗೆ ಅಮೆರಿಕ ಎರವಲಾಗಿ ಕೊಟ್ಟ ಮಾಲು, ಅದಕ್ಕೇ ಆ ಮುದ್ರೆ. ಸೀರಿಯಲ್ ನಂಬರಿನ ನಡುವೆ 'ಸಿ' ಅಕ್ಷರ ಇರುತ್ತದೆ, ಚಿಕೊಪೀಯ 'ಸಿ'. ಎರಡು ತೋಡು ಸಹ ಯುದ್ಧಕಾಲದ್ದೇ. ಐದು ಕೊರೆಯುವ ಬದಲು ಎರಡು ಕೊರೆದರೆ ಯಂತ್ರದ ಸಮಯ ಉಳಿಯುತ್ತದೆ. ಅಮೆರಿಕದವರು ತಮ್ಮ ಸ್ಪ್ರಿಂಗ್‌ಫೀಲ್ಡ್ 03-ಎ3ಗೂ ಹೀಗೇ ಮಾಡಿದರು. ಸವೆದು ಎರಡಾಗಿದ್ದಲ್ಲ, ಹುಟ್ಟಿದ್ದೇ ಎರಡು.

ಮೂರನೆಯದಕ್ಕೆ ನಾನು ಹೇಳುವುದು ಇಷ್ಟು: ನೀವು ನೋಡಿದ್ದು ನಳಿಗೆಯನ್ನಲ್ಲ, ಎಣ್ಣೆಯನ್ನು. ಎಣ್ಣೆ ಬಟ್ಟೆ ಒಂದು ಸಲ ಎಳೆದರೆ ಹಾಳುಬಿದ್ದ ಬೋರ್ (ನಳಿಗೆಯ ಒಳಮೈ) ಕೂಡ ಕಿಟಕಿ ಬೆಳಕಿನಲ್ಲಿ ಮಿಂಚುತ್ತದೆ. ಅದರಲ್ಲೂ ಎರಡು ತೋಡಿನ ನಳಿಗೆಯಲ್ಲಿ ನಡುವಿನ ನಯ ಭಾಗ ಅಗಲ, ಕಣ್ಣಿಗೆ ಮೊದಲು ಬೀಳುವುದು ಅದೇ. ಕಾಯಿಲೆ ಇರುವುದು ತೋಡಿನ ಮೂಲೆಯಲ್ಲಿ.

ಆ ಕಾಲದ ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹಾರಿಸಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ಹೆಚ್ಚುಕಡಿಮೆ ಅಡುಗೆ ಉಪ್ಪಿನ ಅಣ್ಣನೇ ಅದು. ಗಾಳಿಯ ತೇವ ಹೀರಿಕೊಂಡು ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಬ್ರಿಟಿಷ್ ಸೈನಿಕರು ಆಲಿಕೆ ಇಟ್ಟು ಕುದಿಯುವ ನೀರು ಹೊಯ್ಯುತ್ತಿದ್ದದ್ದು ಅದಕ್ಕೇ. ಬಿಸಿನೀರು ಹೊಯ್ಯದೆ ಬರೀ ಎಣ್ಣೆ ಸವರಿ ಇಟ್ಟವನ ರೈಫಲ್ ಒಳಗೊಳಗೇ ಕೊರೆದುಹೋಗುತ್ತದೆ.

ಭಾನುವಾರ ಹೀಗೆ ಮಾಡಿ. ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ತೆರೆಯಿರಿ, ತೋಟಾ ಕೂರುವ ಜಾಗ, ಅಂದರೆ ಚೇಂಬರಿಗೆ ಕಿರುಬೆರಳು ಹಾಕಿ ಖಾಲಿ ಇದೆ ಅಂತ ಖಚಿತ ಮಾಡಿಕೊಳ್ಳಿ. ಮಾಲೀಕರು "ಖಾಲಿ ಇದೆ" ಅಂದರೂ ಬೆರಳು ಹಾಕಿ. ಆಮೇಲೆ ಒಣ ಬಟ್ಟೆ ಎಳೆಯಿರಿ. ಒಂದಲ್ಲ, ಐದಾರು ಸಲ. ಬಟ್ಟೆ ಬಿಳಿಯಾಗಿ ಬರುವ ತನಕ. ನಂತರ ಸಣ್ಣ ಟಾರ್ಚ್ ಹಾಕಿ ಎರಡೂ ತುದಿಯಿಂದ ನೋಡಿ. ನಳಿಗೆಯ ನಡುವೆ ಎಲ್ಲಾದರೂ ಕಪ್ಪು ಉಂಗುರದ ಹಾಗೆ ನೆರಳು ಕಂಡರೆ ಅಲ್ಲಿ ಉಬ್ಬಿದೆ ಅಂತ ಅರ್ಥ. ಬಿಗಿಯಾದ ಬಟ್ಟೆ ಎಳೆಯುವಾಗ ಆ ಜಾಗದಲ್ಲಿ ಕೈಗೆ ಸಡಿಲ ಸಿಗುತ್ತದೆ. ಉಬ್ಬಿದ ನಳಿಗೆಯಾದರೆ ಮಾತು ಮುಂದುವರಿಸಬೇಡಿ.

ಮರಗೆಲಸದವ · ಬುಧವಾರ, ಬೆಳಿಗ್ಗೆ 7:10

ಮಂಚದ ಹಾಗೆ ಅಂದಿರಲ್ಲ, ಅಲ್ಲೇ ನನಗೆ ಸಂಶಯ. ಇವುಗಳ ಮರಕ್ಕೆ ಆಗ ಹಚ್ಚುತ್ತಿದ್ದದ್ದು ಅಗಸೆ ಎಣ್ಣೆ. ಅದು ಮಂದ ಹೊಳಪು, ಕೈಯ ಜಿಡ್ಡು ಸೇರಿ ಕಪ್ಪಾಗುತ್ತದೆ. ಫಳಫಳ ಅಂದರೆ ವಾರ್ನಿಷ್. ವಾರ್ನಿಷ್ ಹೊಡೆಯುವ ಮುಂಚೆ ಯಾರೋ ಉಜ್ಜು ಕಾಗದ ಹಾಕಿ ಉಜ್ಜಿರುತ್ತಾರೆ. ಉಜ್ಜಿದ್ದಾರಾ ಇಲ್ಲವಾ ತಿಳಿಯಬೇಕಾ? ಮರ ಮತ್ತು ಕಬ್ಬಿಣ ಸೇರುವ ಜಾಗದ ಮೇಲೆ ಉಗುರು ಎಳೆಯಿರಿ. ಕಾರ್ಖಾನೆಯಿಂದ ಬಂದಾಗ ಮರ ಕೂದಲೆಳೆಯಷ್ಟು ಎತ್ತರ ಇರುತ್ತದೆ. ಈಗ ಕಬ್ಬಿಣವೇ ಎದ್ದು ನಿಂತಿದ್ದರೆ ಮರ ಸಣ್ಣದಾಗಿದೆ. ಮರದ ಮೇಲಿನ ತಪಾಸಣೆ ಮುದ್ರೆಗಳು ಮಾಸಿದ್ದರೂ ಅದೇ ಕಥೆ.

(ರಷ್ಯಾದ ಮೊಸಿನ್-ನಾಗಾಂತ್ ಆದರೆ ಈ ಮಾತು ಬೇರೆ. ಅಲ್ಲಿನ ಸೇನಾ ಡಿಪೋಗಳೇ ದುರಸ್ತಿ ಮಾಡುವಾಗ ಕೆಂಪಗೆ ಅರಗಿನ ಹೊಳಪು ಬಳಿದಿದ್ದಾರೆ.)

ನನ್ನದೇ ಒಂದು ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ನಂ. 4 ತಂದೆ. ಹೊರಗೆ ಒಂದು ಗೀರಿಲ್ಲ. ಮನೆಗೆ ಬಂದು ಮರವನ್ನು ನಳಿಗೆಗೆ ಕಟ್ಟಿಡುವ ಲೋಹದ ಬ್ಯಾಂಡ್ ಸಡಿಲಿಸಿ ನಳಿಗೆಯ ಮೇಲಿನ ಮರ, ಅಂದರೆ ಹ್ಯಾಂಡ್‌ಗಾರ್ಡ್ ಎತ್ತಿದೆ. ನಳಿಗೆಯ ಎರಡೂ ಬದಿಗೆ, ಮರ ಮುಗಿಯುವ ಗೆರೆಯ ಗುಂಟ ಕೆರೆಯ ನೀರು ಇಳಿದಾಗ ಉಳಿಯುವ ಕಲೆಯ ಹಾಗೆ ಒಂದು ಸಾಲು ತುಕ್ಕು. ಗೆರೆಯ ಮೇಲೆ ನುಣುಪು, ಗೆರೆಯ ಕೆಳಗೆ ರಾಗಿ ಕಾಳು ಕೂರುವಷ್ಟು ಗುಳಿ. ಯಾರೋ ಹೊರಗೆ ಕಂಡದ್ದನ್ನು ಮಾತ್ರ ಉಜ್ಜಿ ಕಪ್ಪು ಮಾಡಿದ್ದರು. ಮಳೆನೀರು ಮರದೊಳಗೆ ಸೇರಿ ಅಲ್ಲೇ ಕೂತಿರುತ್ತದೆ ಅಲ್ವಾ, ಅದರ ಕೆಲಸ. ನೋಡಿ ಎರಡು ದಿನ ಊಟ ರುಚಿಸಲಿಲ್ಲ. ಹಾಗಾಗಿ ಹ್ಯಾಂಡ್‌ಗಾರ್ಡ್ ಎತ್ತಿಸದೆ ಕೊಳ್ಳಬೇಡಿ.

ಬ್ಯಾಂಡ್ ಕೆಳಗೂ ಕಣ್ಣು ಹಾಕಿ. ಯುದ್ಧ ಮುಗಿಸಿ ಹೋಗುವ ಸೈನಿಕರು ಚೀಲದಲ್ಲಿ ಹಿಡಿಸಲಿ ಅಂತ ಸ್ಟಾಕನ್ನು (ರೈಫಲಿನ ಮರದ ಭಾಗ) ಅಲ್ಲೇ ಗರಗಸದಲ್ಲಿ ಕೊಯ್ಯುತ್ತಿದ್ದರು. ಬ್ಯಾಂಡ್ ಕೂತರೆ ಗಾಯ ಮುಚ್ಚುತ್ತದೆ. ಜರ್ಮನ್, ಜಪಾನಿ ರೈಫಲ್‌ಗಳಲ್ಲಿ ಇದು ಜಾಸ್ತಿ.

ನಂಬರ್‌ಪುರಾಣ · ಬುಧವಾರ, ಮಧ್ಯಾಹ್ನ 1:15

ಯಾರೂ ನಂಬರ್ ಬಗ್ಗೆ ಹೇಳಲೇ ಇಲ್ಲ. ನಂ. 4ರಲ್ಲಿ ಸೀರಿಯಲ್ ಮುಖ್ಯವಾಗಿ ಎಡಗಡೆ, ಹಿಂಭಾಗದ ಮರ ಸೇರುವ ಸಾಕೆಟ್ ಮೇಲೆ. ಆಮೇಲೆ ಬೋಲ್ಟ್ ಹಿಡಿಯ ಹಿಂಬದಿ. ಮುಂಭಾಗದ ಮರದ ತುದಿಯಲ್ಲಿ ಕೆಳಗಡೆ ಕೂಡ ಇರಬಹುದು. ಮೂರೂ ಒಂದೇ ಇದ್ದರೆ ಸಂಗ್ರಹಕಾರರಿಗೆ ಚಿನ್ನ. ಬೇರೆ ಇದ್ದರೆ ಬೆಲೆ ಇಳಿಸಿ ಮಾತಾಡಿ.

ಹಳೇಕಬ್ಬಿಣ · ಬುಧವಾರ, ಮಧ್ಯಾಹ್ನ 2:02

ಪುರಾಣ ಸರ್, ಮತ್ತೆ ಶುರು ಮಾಡಿದಿರಾ. ಇವರು ಗುರಿಗೆ ಹೊಡೆಯೋಕೆ ಕೊಳ್ಳುತ್ತಿದ್ದಾರೋ, ಗಾಜಿನ ಕಪಾಟಿಗೋ? ನಂಬರ್ ಹೊಂದುವ ಕೆಟ್ಟ ನಳಿಗೆಗಿಂತ ನಂಬರ್ ಹೊಂದದ ಒಳ್ಳೆ ನಳಿಗೆ ಮೇಲು.

ನಂಬರ್‌ಪುರಾಣ · ಬುಧವಾರ, ಮಧ್ಯಾಹ್ನ 2:30

ಬೋಲ್ಟ್ ನಂಬರ್ ಬರೀ ಅಲಂಕಾರಕ್ಕಲ್ಲ ಸ್ವಾಮಿ. ಎನ್‌ಫೀಲ್ಡ್ ಬೋಲ್ಟಿನ ಬೀಗದ ಕಿವಿಗಳು ಹಿಂದೆ ಇವೆ. ಎರಡೂ ಕಡೆ ಸಮನಾಗಿ ಆನುವಂತೆ ಆ ಬೋಲ್ಟನ್ನು ಆ ರೈಫಲ್‌ಗೇ ಉಜ್ಜಿ ಕೂರಿಸಿರುತ್ತಾರೆ. ಯಾವುದೋ ಪೆಟ್ಟಿಗೆಯ ಬೋಲ್ಟ್ ತಂದು ತುರುಕಿದರೆ ಒಂದೇ ಕಿವಿ ಭಾರ ಹೊರುತ್ತದೆ.

ಹಾಗಂತ ನಂಬರ್ ಹೊಂದಿದ ತಕ್ಷಣ ನಂಬುವುದೂ ಬೇಡ. ಹಳೆ ಅಂಕಿ ಉಜ್ಜಿ ಹೊಸದು ಹೊಡೆಯುವ ಜನ ಇದ್ದಾರೆ. ಅಂಕಿಯ ಆಕಾರ ನೋಡಿ. 4ರ ತಲೆ ತೆರೆದಿದೆಯಾ ಮುಚ್ಚಿದೆಯಾ, ಎರಡೂ ಕಡೆ ಒಂದೇ ಥರ ಇದೆಯಾ? ಬೆರಳು ಸವರಿದಾಗ ಅಂಕಿಯ ಸುತ್ತ ತಗ್ಗು ಸಿಗುತ್ತಾ? ಸೇನಾ ವರ್ಕ್‌ಶಾಪಿನಲ್ಲೇ ಬದಲಿಸಿದ ಬೋಲ್ಟ್ ಆದರೆ ತಪ್ಪಿಲ್ಲ, ಅದು ಆ ರೈಫಲಿನ ಸೇವೆಯ ಚರಿತ್ರೆ. ಮಾರಾಟಕ್ಕಾಗಿ ಹೊಡೆದ ನಂಬರ್ ಸುಳ್ಳು. ಇನ್ನೊಂದು ಗುರುತು: ಸ್ಯಾವೇಜ್ ತಯಾರಿಸಿದ ಭಾಗಗಳ ಮೇಲೆ ಚೌಕಾಕಾರದ 'ಎಸ್' ಅಕ್ಷರ ಇರುತ್ತದೆ. ಬೋಲ್ಟ್ ಮೇಲೆ, ಸೈಟ್ ಮೇಲೆ ಹುಡುಕಿ.

ಎಣ್ಣೆಬಟ್ಟೆ · ಬುಧವಾರ, ರಾತ್ರಿ 8:50

ಅಪ್ಪನ ಜೊತೆ ಬಂದೂಕು ರಿಪೇರಿ ಬೆಂಚಿನಲ್ಲಿ ಬೆಳೆದವಳು ನಾನು. ಇಬ್ಬರ ಜಗಳ ಚೆನ್ನಾಗಿದೆ, ಆದರೆ ಮುಖಕ್ಕೆ ಹತ್ತಿರ ಸಿಡಿಯುವ ವಸ್ತು ಇದು. ಮೊದಲು ಹೆಡ್‌ಸ್ಪೇಸ್ ಮಾತಾಡೋಣ.

.303 ತೋಟಾಕ್ಕೆ ಬುಡದಲ್ಲಿ ಅಂಚು ಇದೆ. ಆ ಅಂಚು ನಳಿಗೆಯ ಹಿಂತುದಿಗೂ ಬೋಲ್ಟಿನ ಮುಖಕ್ಕೂ ನಡುವೆ ಕೂರುತ್ತದೆ. ಆ ಜಾಗವೇ ಹೆಡ್‌ಸ್ಪೇಸ್. ಜಾಗ ಜಾಸ್ತಿಯಾದರೆ ಹಾರಿಸುವಾಗ ಹಿತ್ತಾಳೆ ಹಿಂದಕ್ಕೆ ಜಗ್ಗುತ್ತದೆ, ಬುಡದ ಹತ್ತಿರ ತೆಳುವಾಗುತ್ತದೆ, ಒಂದು ದಿನ ಹರಿಯುತ್ತದೆ. ಅಳೆಯುವುದು ಗೇಜಿನಿಂದ. 0.064 ಇಂಚಿನ ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು. ಬ್ರಿಟಿಷ್ ಸೇನೆಯ ಮೇಲ್ಮಿತಿ 0.074, ಅದರ ಮೇಲೆ ಮುಚ್ಚಲೇಬಾರದು. ನಾಗರಿಕ ಬಳಕೆಯ 'ನೋ-ಗೋ' ಗೇಜ್ 0.067. ಹಳೆ ಸೈನಿಕ ರೈಫಲ್ ಇದರ ಮೇಲೆ ಮುಚ್ಚಿದರೆ ಕಸ ಅಂತ ಅಲ್ಲ, ಆದರೆ ಅಲ್ಲಿಂದ ಮುಂದೆ ಪ್ರಶ್ನೆ ಕೇಳಬೇಕು. ಬೋಲ್ಟ್ ಹಿಡಿಯನ್ನು ಒಂದೇ ಬೆರಳಲ್ಲಿ ಮೆಲ್ಲಗೆ ಒತ್ತಿ. ಬಲ ಹಾಕಿದರೆ ಗೇಜೂ ಹಾಳು, ಅಳತೆಯೂ ಸುಳ್ಳು. ಗೇಜ್ ಇಲ್ಲದಿದ್ದರೆ ಇರುವವರನ್ನು ಕರೆದುಕೊಂಡು ಹೋಗಿ. ತೋಟಾದ ಹಿಂದೆ ಟೇಪ್ ಅಂಟಿಸಿ ನೋಡುವ ಉಪಾಯ ಬೇಡ.

ನಂ. 4ರಲ್ಲಿ ಬೋಲ್ಟಿನ ತಲೆ ಬೇರೆ ತುಂಡು. ಅದರ ಮೇಲೆ 0, 1, 2, 3 ಅಂತ ಗಾತ್ರ ಹೊಡೆದಿರುತ್ತದೆ. ರೈಫಲ್ ಸವೆದಂತೆ ಉದ್ದನೆಯ ತಲೆ ಹಾಕಿ ಜಾಗ ಸರಿಮಾಡುತ್ತಿದ್ದರು. 0 ಅಥವಾ 1 ಇದ್ದರೆ ಮುಂದೆ ಬದಲಿಸಲು ಅವಕಾಶ ಇದೆ. 3 ಇದ್ದರೆ ಅದೇ ಕೊನೆಯ ಮೆಟ್ಟಿಲು.

ಇನ್ನು ನಿಮ್ಮದು ಸ್ಯಾವೇಜ್, ಅಂದರೆ ಬಹುಪಾಲು ಮಾರ್ಕ್ 1 ಸ್ಟಾರ್ ಅನ್ನುವ ಮಾದರಿ. ಅದರಲ್ಲಿ ಬೋಲ್ಟ್ ಬಿಡಿಸಲು ಒತ್ತುವ ಕೀಲಿ ಇರುವುದಿಲ್ಲ. ಬೋಲ್ಟ್ ತಲೆ ಓಡಾಡುವ ಹಳಿಯಲ್ಲೇ ಒಂದು ಕಚ್ಚು ಕೊರೆದಿದ್ದಾರೆ. ಆ ಕಚ್ಚಿನ ಮುಂದಿನ ಹಳಿಯ ಮೂಲೆ ಚಕ್ಕೆ ಏಳುವುದು ಈ ಮಾದರಿಯ ಹಳೇ ರೋಗ. ಚಕ್ಕೆ ದೊಡ್ಡದಾದರೆ ಬೋಲ್ಟ್ ಎಳೆಯುವಾಗ ತಲೆ ಹಳಿ ಬಿಟ್ಟು ಜಿಗಿಯುತ್ತದೆ. ಟಾರ್ಚ್ ಹಾಕಿ ನೋಡಿ, ಐದು ಸೆಕೆಂಡಿನ ಕೆಲಸ.

ಕುದುರೆಯನ್ನೂ (ಟ್ರಿಗರ್) ಪರೀಕ್ಷಿಸಿ. ಖಾಲಿ ರೈಫಲ್ ಕಾಕ್ ಮಾಡಿ, ಸೇಫ್ಟಿ ಹಾಕಿ, ಕುದುರೆ ಜೋರಾಗಿ ಎಳೆದು ಬಿಡಿ. ಈಗ ಸೇಫ್ಟಿ ತೆಗೆದರೆ ಕ್ಯಾಪಿಗೆ ಹೊಡೆಯುವ ಪಿನ್ ತಾನಾಗಿ ಬೀಳಬಾರದು. ಮಾಮೂಲಿ ಎಳೆತದಲ್ಲಿ ಎರಡು ಹಂತ ಸ್ಪಷ್ಟವಾಗಿ ಸಿಗಬೇಕು. ಒಂದೇ ಹಂತ, ಕೂದಲು ತಾಗಿದರೆ ಬೀಳುವಷ್ಟು ಹಗುರ ಅಂದರೆ ಯಾರೋ ಅರ ಆಡಿಸಿದ್ದಾರೆ.

ಮೂರನೇಸಾಲು · ಗುರುವಾರ, ಬೆಳಿಗ್ಗೆ 6:35

ನಳಿಗೆಯ ಬಾಯಿ ಮರೆಯಬೇಡಿ. ಗುಂಡು ಕೊನೆಗೆ ಬಿಟ್ಟು ಹೋಗುವ ಜಾಗ ಅದು. ನಳಿಗೆಯ ನಡುವೆ ಸ್ವಲ್ಪ ಮಂಜು ಕವಿದ ಹಾಗಿದ್ದರೂ ಬಾಯಿ ಚೆನ್ನಾಗಿದ್ದರೆ ಗುಂಡುಗಳನ್ನು ಹತ್ತಿರ ಹತ್ತಿರ ಕೂರಿಸಿ ಒಳ್ಳೆ ಗುಂಪು ಕೊಟ್ಟ ರೈಫಲ್ ನೋಡಿದ್ದೇನೆ. ಬಾಯಿ ಸವೆದಿದ್ದು ಒಳಗೆ ಕನ್ನಡಿ ಇದ್ದರೆ ಗುಂಡು ದಿಕ್ಕಿಗೊಂದು.

ಎನ್‌ಫೀಲ್ಡ್ ಚೊಕ್ಕ ಮಾಡುತ್ತಿದ್ದದ್ದು ಹಗ್ಗದಿಂದ. ಹಗ್ಗವನ್ನು ಚೇಂಬರ್ ಕಡೆಯಿಂದ ಇಳಿಬಿಟ್ಟು ಬಾಯಿಯಿಂದ ಎಳೆಯಬೇಕು. ನೇರ ಎಳೆಯದೆ ಓರೆ ಎಳೆದರೆ, ಅದರಲ್ಲೂ ಹಗ್ಗಕ್ಕೆ ಮಣ್ಣು ಅಂಟಿದ್ದರೆ, ಬಾವಿಯ ಕಲ್ಲಿನ ಮೇಲೆ ಹಗ್ಗದ ಗುರುತು ಬೀಳುವ ಹಾಗೆ ಉಕ್ಕಿನ ಮೇಲೂ ಬೀಳುತ್ತದೆ. ಮೊಸಿನ್‌ನಲ್ಲಿ ಬಾಯಿ ಕೆಡುವುದು ಉಕ್ಕಿನ ಕಡ್ಡಿಯಿಂದ. ಅಮೆರಿಕದ ಎಂ1 ಗ್ಯಾರಂಡ್‌ನ ಹಿಂಭಾಗ ಮುಚ್ಚಿರುವುದರಿಂದ ಕಡ್ಡಿ ಬಾಯಿಯಿಂದಲೇ ಹಾಕಬೇಕು, ಹಾಗಾಗಿ ಅದಕ್ಕೂ ಇದೇ ಪಾಡು.

ನೋಡುವ ವಿಧಾನ: ಡಮ್ಮಿ ತೋಟಾ ತೆಗೆದುಕೊಳ್ಳಿ. ಮದ್ದೂ ಇರಬಾರದು, ಕ್ಯಾಪೂ ಇರಬಾರದು. ಅದರ ಗುಂಡಿನ ತುದಿಯನ್ನು ಬಾಯಿಗೆ ತೂರಿಸಿ. ಗುಂಡಿನ ಸ್ವಲ್ಪ ಭಾಗ ಹೊರಗೆ ಉಳಿಯಬೇಕು. ಹಿತ್ತಾಳೆಯ ಕುತ್ತಿಗೆ ನಳಿಗೆಗೆ ತಾಗುವಷ್ಟು ಮುಳುಗಿದರೆ ಸವೆತ ಜಾಸ್ತಿ. ಇದು ಅಂದಾಜು ಮಾತ್ರ, ಗೇಜಿನಷ್ಟು ನಿಖರ ಅಲ್ಲ. ನಾಲ್ಕೂ ಸುತ್ತ ಅಂತರ ಸಮ ಇದೆಯಾ ಅನ್ನುವುದನ್ನು ಜಾಸ್ತಿ ನೋಡಿ.

ಹೊಸಗುರಿ · ಗುರುವಾರ, ರಾತ್ರಿ 9:05

ಇಷ್ಟೆಲ್ಲಾ ಇದೆ ಅಂತ ಗೊತ್ತಿರಲಿಲ್ಲ, ನಿಜವಾಗಿಯೂ ಧನ್ಯವಾದ. ತಲೆ ತಿರುಗುತ್ತಿದೆ. ಸುಮ್ನೆ ಬೇರೆ ರೈಫಲ್ ನೋಡಲಾ?

ಮರಗೆಲಸದವ · ಗುರುವಾರ, ರಾತ್ರಿ 9:30

ಸ್ವಿಸ್ ಕೆ31 ಸಿಕ್ಕರೆ ನೋಡಿ. ಸ್ಟಾಕಿನ ಹಿಂಭಾಗ ದನ ಮೇಯ್ದ ಹಾಗಿರುತ್ತದೆ, ನಳಿಗೆ ಮಾತ್ರ ಅಚ್ಚುಕಟ್ಟು. ಸ್ವಿಸ್ ಸೇನೆಯ ಜಿಪಿ11 ತೋಟಾದಲ್ಲಿ ಆ ಉಪ್ಪಿನ ಕಾಟ ಇರಲಿಲ್ಲ. ಹಿಂಭಾಗದ ಲೋಹದ ಪಟ್ಟಿ ಬಿಚ್ಚಿದರೆ ಕೆಲವೊಮ್ಮೆ ಹಳೆ ಸೈನಿಕನ ಹೆಸರಿನ ಚೀಟಿ ಸಿಗುತ್ತದೆ. ಅದಕ್ಕಾಗಿಯೇ ಒಂದು ತಗೊಂಡೆ ಅಂದರೆ ನಗಬೇಡಿ. ಸ್ವೀಡನ್ನಿನ ಮೌಸರ್ ಇನ್ನೂ ಸಲೀಸು, ಸ್ಟಾಕಿನ ಮೇಲಿನ ಹಿತ್ತಾಳೆ ಬಿಲ್ಲೆಯಲ್ಲಿ ನಳಿಗೆಯ ಸ್ಥಿತಿಯನ್ನು ಸೇನೆಯವರೇ ಗುರುತು ಹಾಕಿಟ್ಟಿದ್ದಾರೆ. ನಳಿಗೆ ಆಮೇಲೆ ಬದಲಾಗಿಲ್ಲ ಅನ್ನುವುದಾದರೆ ಮಾತ್ರ ಅದು ಉಪಯೋಗ.

ಹಳೇಕಬ್ಬಿಣ · ಗುರುವಾರ, ರಾತ್ರಿ 10:12

ಬೇರೆ ನೋಡುವುದಾದರೆ ಹಾರಿಸಲೇಬಾರದವೂ ಕೆಲವಿವೆ, ತಿಳಿದಿರಲಿ. ಎನ್‌ಫೀಲ್ಡ್ ಮೇಲೆ 'ಡಿ.ಪಿ.' ಅಂತ ಇದ್ದರೆ ಅದು ಕವಾಯತಿಗೆ ಮಾತ್ರ. ಕೆಲವಕ್ಕೆ ಚೇಂಬರಿಗೇ ತೂತು ಕೊರೆದಿರುತ್ತಾರೆ. ನಳಿಗೆಯ ಸುತ್ತಿನ ಮರಕ್ಕೆ ತಾಮ್ರದ ತಂತಿ ಸುತ್ತಿದ್ದರೆ ಅದು ಗ್ರೆನೇಡ್ ಹಾರಿಸಲು ಬಳಸಿದ್ದು. ಜಪಾನಿನ ಅರಿಸಾಕಾ ಥರವೇ ಕಾಣುವ, ಒಳಗೆ ತೋಡೇ ಇಲ್ಲದ ತರಬೇತಿ ಬಂದೂಕುಗಳಿವೆ. ಅವು ಸದ್ದು ಮಾಡಲಿಕ್ಕೆ, ಗುಂಡಿಗಲ್ಲ.

ಅಮೆರಿಕದ 1903 ಸ್ಪ್ರಿಂಗ್‌ಫೀಲ್ಡ್ ಆದರೆ ನಂಬರ್ ನೋಡಿ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದು 8,00,000ಕ್ಕಿಂತ ಕಡಿಮೆ, ರಾಕ್ ಐಲ್ಯಾಂಡ್‌ನದು 2,85,507ಕ್ಕಿಂತ ಕಡಿಮೆ ಇದ್ದರೆ ಗೋಡೆಗೆ ತೂಗುಹಾಕಿ ಸಾಕು. ಆಗ ಉಕ್ಕು ಎಷ್ಟು ಕಾದಿದೆ ಅಂತ ಕೆಲಸಗಾರರು ಬಣ್ಣ ನೋಡಿ ಕಣ್ಣಳತೆಯಲ್ಲಿ ಹೇಳುತ್ತಿದ್ದರು. ಅತಿಯಾಗಿ ಕಾದ ಉಕ್ಕು ಗಾಜಿನ ಹಾಗೆ ಒಡೆಯುತ್ತದೆ. ನೋಡಿ ಪುರಾಣ ಸರ್, ಒಮ್ಮೆಯಾದರೂ ನಂಬರ್ ಮುಖ್ಯ ಅಂತ ಒಪ್ಪಿದೆ.

ನಂಬರ್‌ಪುರಾಣ · ಗುರುವಾರ, ರಾತ್ರಿ 10:15

ಇದನ್ನು ಫ್ರೇಮ್ ಹಾಕಿಸುತ್ತೇನೆ.

ಹೊಸಗುರಿ · ಭಾನುವಾರ, ರಾತ್ರಿ 8:20

ಹೋಗಿ ಬಂದೆ. ಗೇಜ್ ಇರುವ ಸ್ನೇಹಿತರನ್ನೂ ಕರೆದುಕೊಂಡು ಹೋಗಿದ್ದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಒಣ ಬಟ್ಟೆ: ಮೊದಲನೆಯದು ಎಣ್ಣೆ. ಎರಡನೆಯದೂ ಎಣ್ಣೆ. ಮೂರನೆಯದು ಕಾಫಿ ಬಣ್ಣ. ಏಳನೆಯದು ಬಿಳಿ ಬಂತು. ಆಮೇಲೆ ಟಾರ್ಚ್ ಹಾಕಿದರೆ ನಯ ಭಾಗ ಈಗಲೂ ಹೊಳೆಯುತ್ತದೆ, ತೋಡಿನ ಮೂಲೆ ಮಾತ್ರ ಉದ್ದಕ್ಕೂ ಕಪ್ಪು. ಉಬ್ಬು ಇಲ್ಲ.

ಹ್ಯಾಂಡ್‌ಗಾರ್ಡ್ ಎತ್ತಲು ಮಾಲೀಕರು ಮೊದಲು ಒಪ್ಪಲಿಲ್ಲ. ಒಂದು ಗಂಟೆ ಮಾತಾಡಿದ ಮೇಲೆ ಅವರೇ ಬಿಚ್ಚಿದರು. ಒಳಗೆ ಸ್ವಚ್ಛ! ಗುಳಿ ಇಲ್ಲ, ಹಳೆ ಗ್ರೀಸ್ ಇತ್ತು. ಮರ ಮಾತ್ರ ಉಜ್ಜಿದ್ದೇ, ಸಾಕೆಟ್ ಹತ್ತಿರ ಕಬ್ಬಿಣ ಉಗುರಿಗೆ ತಡೆಯುತ್ತದೆ. ಹಳಿಯ ಕಚ್ಚು ಸರಿ ಇದೆ. ಕುದುರೆ, ಸೇಫ್ಟಿ ಸರಿ.

ಬೋಲ್ಟಿನ ನಂಬರ್ ಹೊಂದುತ್ತದೆ. ಆದರೆ ಸಾಕೆಟ್ ಮೇಲಿನ 4ರ ತಲೆ ಮುಚ್ಚಿದೆ, ಬೋಲ್ಟಿನ 4ರ ತಲೆ ತೆರೆದಿದೆ. ಅಂಕಿಯ ಸುತ್ತ ಬೆರಳಿಗೆ ತಗ್ಗು ಸಿಕ್ಕಿತು. 'ಎಸ್' ಎಲ್ಲೂ ಕಾಣಲಿಲ್ಲ. ಬೋಲ್ಟಿನ ತಲೆಯ ಮೇಲೆ 3. ಗೇಜ್: 0.064 ಮುಚ್ಚಿತು. 0.067 ಕೂಡ ಮುಚ್ಚಿತು, ಸಲೀಸಾಗಿ. 0.074 ಮುಚ್ಚಲಿಲ್ಲ.

ಬಾಯಿಗೆ ಡಮ್ಮಿ ಇಟ್ಟೆ. ಕೆಳಗಡೆ ಕಾಗದ ತೂರುತ್ತದೆ, ಮೇಲುಗಡೆ ತೂರುವುದಿಲ್ಲ. ಹಗ್ಗದ ಗುರುತು ಇದೇ ಅಲ್ವಾ?

ಎಣ್ಣೆಬಟ್ಟೆ · ಭಾನುವಾರ, ರಾತ್ರಿ 8:55

ಅದೇ. ಮತ್ತೆ, ಹಾರಿಸಿದ ಖಾಲಿ ತೋಟಾ ಏನಾದರೂ ಕೇಳಿದಿರಾ?

ಹೊಸಗುರಿ · ಭಾನುವಾರ, ರಾತ್ರಿ 9:10

ಕೇಳಿದೆ. "ಜಾಸ್ತಿ ಹಾರಿಸಿಲ್ಲ" ಅಂದವರು ಮಂಚದ ಕೆಳಗಿಂದ ಒಂದು ತಗಡಿನ ಡಬ್ಬಿ ಎಳೆದರು. ಕತ್ತಿನ ತನಕ ಖಾಲಿ ಹಿತ್ತಾಳೆ! ಅವರಿಗೇ ನಗು ಬಂತು. ಒಂದು ತಂದಿದ್ದೇನೆ. ಬುಡದಿಂದ ಅರ್ಧ ಬೆರಳು ಮೇಲೆ ಸುತ್ತಲೂ ಬಿಳಿಯ ಗೆರೆ ಇದೆ.

ಎಣ್ಣೆಬಟ್ಟೆ · ಭಾನುವಾರ, ರಾತ್ರಿ 9:22

ತೆಳ್ಳನೆ ತಂತಿಯ ತುದಿಯನ್ನು ಉಗುರಿನ ಹಾಗೆ ಬಗ್ಗಿಸಿ. ಒಳಗೆ ಬುಡದ ತನಕ ಇಳಿಸಿ, ಗೋಡೆಗೆ ಒತ್ತಿಕೊಂಡು ಮೇಲೆ ಎಳೆಯಿರಿ.

ಹೊಸಗುರಿ · ಭಾನುವಾರ, ರಾತ್ರಿ 9:40

ಗೆರೆ ಇರುವಲ್ಲೇ ಟಕ್ ಅಂತ ಕಚ್ಚುತ್ತದೆ. ಒಳಗೆ ಹಳ್ಳ ಇದೆ.

ಎಣ್ಣೆಬಟ್ಟೆ · ಭಾನುವಾರ, ರಾತ್ರಿ 9:58

ಹಿತ್ತಾಳೆ ಅಲ್ಲೇ ಹರಿಯಲು ತಯಾರಾಗಿದೆ. ಎನ್‌ಫೀಲ್ಡ್ ಚೇಂಬರ್ ಮೊದಲೇ ಸಡಿಲ, ಮಣ್ಣಿದ್ದರೂ ತೋಟಾ ಹೋಗಲಿ ಅಂತ ಹಾಗೆ ಮಾಡಿದ್ದು. ಹಾಗಾಗಿ ಸ್ವಲ್ಪ ಹಿಗ್ಗುವುದು ಸಹಜ. ಅದೇ ಹಿತ್ತಾಳೆಗೆ ಅವರು ಮತ್ತೆ ಮತ್ತೆ ಮದ್ದು ತುಂಬಿ ಹಾರಿಸಿದ್ದರೆ ಈ ಗೆರೆ ಬೇಗ ಬರುತ್ತದೆ. ಆದರೆ ನಿಮ್ಮ ಲೆಕ್ಕ ಸೇರಿಸಿ ನೋಡಿ: ಬೋಲ್ಟ್ ಬೇರೆಯದು, ತಲೆ ಆಗಲೇ 3, 0.067 ಸಲೀಸು, ಹಿತ್ತಾಳೆಯಲ್ಲಿ ಹಳ್ಳ. ಒಂದೊಂದೇ ಆದರೆ ಪರವಾಗಿಲ್ಲ ಅನ್ನುತ್ತಿದ್ದೆ. ಒಂದು ದಾರಿ ಇದೆ. ಬೋಲ್ಟಿನ ತಲೆ ಬಿಚ್ಚಿ ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಮೇಲೆ 3 ಅಂತಿದ್ದರೂ ಸವೆದು 2ರಷ್ಟೇ ಉಳಿದಿರಬಹುದು. ಹಾಗಿದ್ದರೆ ಉದ್ದ ಸರಿ ಇರುವ ಇನ್ನೊಂದು 3 ಹಾಕಿ ಸರಿಪಡಿಸಬಹುದು. ಆಗಲೂ ಎರಡೂ ಕಿವಿ ಆನುತ್ತವಾ ನೋಡಿಸಬೇಕು. ಬಾಯಿಯ ಸವೆತಕ್ಕೆ ಒಳಗಿನಿಂದ ಸ್ವಲ್ಪ ಕೊರೆದು ಹೊಸ ಅಂಚು ಕೊಡಬಹುದು, ಮೊಸಿನ್‌ಗಳಿಗೆ ರಷ್ಯಾದವರು ಮಾಡಿದ ಹಾಗೆ. ಇಷ್ಟೆಲ್ಲಾ ಖರ್ಚನ್ನು ಬೆಲೆಯಲ್ಲಿ ಕಳೆದರೆ ಯೋಚಿಸಿ. ಸರಿಮಾಡಿಸುವ ತನಕ ಒಂದು ಗುಂಡೂ ಬೇಡ.

ಹೊಸಗುರಿ · ಮಂಗಳವಾರ, ಸಂಜೆ 6:30

ಬೋಲ್ಟಿನ ತಲೆ ಅಳೆಸಲು ಕೊಡ್ತೀರಾ ಅಂತ ಕೇಳಲು ಇವತ್ತು ಫೋನ್ ಮಾಡಿದೆ. ನಿನ್ನೆಯೇ ಮಾರಿಬಿಟ್ಟಿದ್ದಾರೆ. ಕೊಂಡವರು ಕಿಟಕಿ ಕಡೆ ಹಿಡಿದು ನೋಡಿ "ಕನ್ನಡಿ ಇದ್ದ ಹಾಗಿದೆ" ಅಂದರಂತೆ.

ಎಣ್ಣೆಬಟ್ಟೆ · ಮಂಗಳವಾರ, ಸಂಜೆ 6:41

ಅವರಿಗೆ ಗೇಜ್ ವಿಷಯ ಗೊತ್ತಾ?

ಹೊಸಗುರಿ · ಮಂಗಳವಾರ, ಸಂಜೆ 7:15

ಮಾಲೀಕರ ಹತ್ತಿರ ನಂಬರ್ ಕೇಳಿ ನಾನೇ ಮಾತಾಡಿದೆ ಮೇಡಂ. ಮೊದಲು ಸ್ವಲ್ಪ ಸಿಟ್ಟಾದರು, ಹೊಟ್ಟೆಕಿಚ್ಚು ಅಂದುಕೊಂಡರೇನೋ. ಆ ಖಾಲಿ ತೋಟಾದ ಫೋಟೋ ಕಳಿಸಿದೆ. ಐದು ನಿಮಿಷ ಬಿಟ್ಟು ಅವರೇ ಫೋನ್ ಮಾಡಿದರು. ಶನಿವಾರ ರೈಫಲ್ ತರುತ್ತಾರೆ, ನನ್ನ ಸ್ನೇಹಿತರ ಗೇಜೂ ಮೈಕ್ರೋಮೀಟರೂ ಬರುತ್ತವೆ. ಬೋಲ್ಟ್ ತಲೆಯ ಅಳತೆ ಅವತ್ತು ಇಲ್ಲೇ ಹಾಕುತ್ತೇನೆ.